ನಿದ್ರಿಸುವ ಕಾವಲುಗಾರ

ಮನೆಗೆ ಕಾವಲು ಬೇಕೆಂಬ ಚಿಂತೆ ಮನುಷ್ಯನಿಗೆ ಹೊಸದಲ್ಲ. ಹಿತ್ತಿಲ ಬಾಗಿಲಿಗೆ ಅಗುಳಿ, ಅಂಗಳದಲ್ಲಿ ನಾಯಿ, ನೆರೆಮನೆಯವರ ಎಚ್ಚರದ ಕಣ್ಣು, ಇವು ಬಹುಕಾಲದಿಂದ ಆ ಕೆಲಸವನ್ನು ಮಾಡುತ್ತ ಬಂದಿವೆ. ಈಗ ಇವುಗಳ ಜೊತೆಗೆ ಬೆಂಕಿಪೊಟ್ಟಣದಷ್ಟು ಚಿಕ್ಕದಾದ ಒಂದು ಯಂತ್ರವೂ ಬಂದು ಸೇರಿದೆ. ಬಾಗಿಲು ತೆರೆದರೆ, ನೆಲದ ಮೇಲೆ ನೀರು ಹರಿದರೆ, ಕೋಣೆಯ ತೇವ ಏರಿದರೆ, ಅದು ತಂತಿಯ ನೆರವಿಲ್ಲದೆ ಸುದ್ದಿ ಕಳುಹಿಸುತ್ತದೆ. ಇದಕ್ಕೆ ಸಂವೇದಕವೆಂದು ಹೆಸರು. ರೂಢಿಯ ಮಾತಿನಲ್ಲಿ ಸೆನ್ಸರ್.

ಗೋವೆಯಲ್ಲಿ ನೆಲಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಅನೇಕವು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಮೊದಲಾದ ಜಿಲ್ಲೆಗಳಿಂದ ಬಂದವು. ಬೇಸಿಗೆಯ ರಜೆಯಲ್ಲಿ ಎಲ್ಲರೂ ಊರಿಗೆ ಹೊರಟರೆ ಇಲ್ಲಿಯ ಮನೆಗೆ ವಾರಗಟ್ಟಲೆ ಬೀಗ ಬಿದ್ದಿರುತ್ತದೆ. ಅಷ್ಟರಲ್ಲಿ ಮಳೆಗಾಲವೂ ಸಮೀಪಿಸುತ್ತದೆ. ಇಂಥ ಮನೆಯ ಕಾವಲನ್ನು ಯಂತ್ರಕ್ಕೆ ವಹಿಸುವವರು ಅದರ ಸ್ವಭಾವವನ್ನು ಮೊದಲು ಅರಿಯಬೇಕು.

ಆ ಸ್ವಭಾವದಲ್ಲಿ ಮುಖ್ಯವಾದುದು ನಿದ್ರೆ. ಕುಂಭಕರ್ಣನು ಆರು ತಿಂಗಳು ಮಲಗಿ ಒಂದು ದಿನ ಏಳುತ್ತಿದ್ದನೆಂಬ ಕಥೆಯನ್ನು ಮಕ್ಕಳೆಲ್ಲರೂ ಕೇಳಿದ್ದಾರೆ. ನಮ್ಮ ಸಂವೇದಕವೂ ಅವನ ಶಿಷ್ಯನೇ. ದಿನದ ಬಹುಪಾಲನ್ನು ಅದು ನಿದ್ರೆಯಲ್ಲಿ ಕಳೆಯುತ್ತದೆ. ಕ್ಷಣಕಾಲ ಎಚ್ಚೆತ್ತು, ಮಾತನಾಡಿ, ಮತ್ತೆ ಮಲಗುತ್ತದೆ. ಮಲಗಿದ್ದರೂ ಅದು ಕರ್ತವ್ಯವನ್ನು ಮರೆತಿರುವುದಿಲ್ಲ. ಬಾಗಿಲಿನ ಸಂವೇದಕವನ್ನೇ ನೋಡಿರಿ. ಬಾಗಿಲಿಗೆ ಒಂದು ಅಯಸ್ಕಾಂತದ ತುಣುಕನ್ನೂ ಚೌಕಟ್ಟಿಗೆ ಯಂತ್ರವನ್ನೂ ಅಂಟಿಸಿರುತ್ತಾರೆ. ಬಾಗಿಲು ಸರಿದು ಅಯಸ್ಕಾಂತವು ದೂರವಾದೊಡನೆ ಒಳಗಿನ ಪುಟ್ಟ ಸ್ವಿಚ್ಚು ತನ್ನ ಸ್ಥಿತಿಯನ್ನು ಬದಲಿಸಿ, ಮಲಗಿದ ಯಂತ್ರವನ್ನು ಎಬ್ಬಿಸುತ್ತದೆ.

ಇಷ್ಟು ನಿದ್ರೆ ಏತಕ್ಕೆ? ಇದಕ್ಕೆ ಉತ್ತರ ಅಂಕಗಣಿತದಲ್ಲಿದೆ. ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಸಿಆರ್ 2032 ಎಂಬ ನಾಣ್ಯದಾಕಾರದ ಸೆಲ್ಲನ್ನು ಬಳಸುತ್ತಾರೆ. ಅದರ ಅಗಲ 20 ಮಿಲಿಮೀಟರು, ದಪ್ಪ 3.2 ಮಿಲಿಮೀಟರು, ಹೆಸರಿನಲ್ಲಿರುವ ಅಂಕಿಗಳ ಅರ್ಥವೂ ಇದೇ. ಅದರಲ್ಲಿ ಅಡಗಿರುವ ವಿದ್ಯುತ್ತು ಸುಮಾರು 220 ಮಿಲಿಆಂಪಿಯರ್ ಗಂಟೆ. ನಮ್ಮ ಯಂತ್ರವು ನಿದ್ರೆಯಲ್ಲಿ 5 ಮೈಕ್ರೋಆಂಪಿಯರ್, ಎಂದರೆ ಒಂದು ಆಂಪಿಯರಿನ ಹತ್ತು ಲಕ್ಷ ಭಾಗಗಳಲ್ಲಿ ಐದು ಭಾಗ, ಬಳಸುವುದೆಂದು ಇಟ್ಟುಕೊಳ್ಳೋಣ. ಒಂದು ದಿನದ ನಿದ್ರೆಯ ಖರ್ಚು 0.12 ಮಿಲಿಆಂಪಿಯರ್ ಗಂಟೆಯಾಯಿತು. ಒಂದು ಸುದ್ದಿಯನ್ನು ಕಳುಹಿಸಲು 18 ಮಿಲಿಆಂಪಿಯರಿನಂತೆ ಸೆಕೆಂಡಿನ ಐದನೆಯ ಒಂದು ಭಾಗ ಹಿಡಿಯುವುದಾದರೆ, ಪ್ರತಿ ಸುದ್ದಿಯ ಖರ್ಚು 0.001 ಮಿಲಿಆಂಪಿಯರ್ ಗಂಟೆ.

ಗಂಟೆಗೊಮ್ಮೆ ಸುದ್ದಿ ಕಳುಹಿಸಿದರೆ ದಿನಕ್ಕೆ 24 ಸುದ್ದಿ; ನಿದ್ರೆಯ ಖರ್ಚೂ ಸೇರಿ 0.144. ಈ ಲೆಕ್ಕದಲ್ಲಿ ಸೆಲ್ಲು 1,500 ದಿನಕ್ಕೂ ಮಿಕ್ಕಿ, ಎಂದರೆ ನಾಲ್ಕು ವರ್ಷಕ್ಕೂ ಹೆಚ್ಚು, ಬಾಳುತ್ತದೆ. ನಿಮಿಷಕ್ಕೊಮ್ಮೆ ಕಳುಹಿಸಿದರೆ ದಿನಕ್ಕೆ 1,440 ಸುದ್ದಿ. ಒಟ್ಟು ಖರ್ಚು 1.56. ಆಗ ಅದೇ ಸೆಲ್ಲು 141 ದಿನಗಳಲ್ಲಿ ಬರಿದಾಗುತ್ತದೆ. ವಾಸ್ತವದಲ್ಲಿ ಸೆಲ್ಲಿನ ವಯಸ್ಸು, ಉಷ್ಣತೆ ಮೊದಲಾದ ಕಾರಣಗಳಿಂದ ಆಯುಷ್ಯವು ಇನ್ನೂ ಕುಗ್ಗಬಹುದು. ಆದರೂ ತಾತ್ಪರ್ಯ ಬದಲಾಗುವುದಿಲ್ಲ: ಮಾತು ಹೆಚ್ಚಿದಷ್ಟೂ ಆಯುಷ್ಯ ಕಡಿಮೆ. ಹತ್ತು ನಿಮಿಷಕ್ಕೊಮ್ಮೆ ಮಾತನಾಡುವ ಯಂತ್ರ ಎಷ್ಟು ದಿನ ಬಾಳೀತೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಲಿ.

ಇನ್ನು ಯಂತ್ರವನ್ನು ಹೊಂದಿಸುವ ಕ್ರಮವನ್ನು ವಿಚಾರಿಸೋಣ. ಮನೆಯಲ್ಲಿ ಹಬ್ ಎಂಬ ಕೇಂದ್ರ ಪೆಟ್ಟಿಗೆಯೊಂದು ಸದಾ ಎಚ್ಚರವಾಗಿದ್ದು ಎಲ್ಲ ಸಂವೇದಕಗಳ ಸುದ್ದಿಯನ್ನು ಸ್ವೀಕರಿಸುತ್ತದೆ. ನಾವು ಮೊಬೈಲಿನಲ್ಲಿ ಹೊಸ ಆಜ್ಞೆಯೊಂದನ್ನು ಬರೆದರೆ ಅದು ಒಡನೆಯೇ ಸಂವೇದಕವನ್ನು ಮುಟ್ಟಲಾರದು. ಮಲಗಿದವನ ಕಿವಿಯಲ್ಲಿ ಹೇಳಿದ ಮಾತಿನಿಂದ ಫಲವೇನು? ಆದಕಾರಣ ಝೀ-ವೇವ್ ಮುಂತಾದ ಪದ್ಧತಿಗಳಲ್ಲಿ ಕೇಂದ್ರ ಪೆಟ್ಟಿಗೆಯು ಆಜ್ಞೆಯನ್ನು ಅಂಚೆಯ ಕಾಗದದಂತೆ ತನ್ನಲ್ಲಿ ಕಾದಿರಿಸಿ, ಯಂತ್ರವು ಎಚ್ಚೆತ್ತಾಗ ಒಪ್ಪಿಸುತ್ತದೆ. ಅಲ್ಲಿಯವರೆಗೆ ಕಾಯಲು ಮನಸ್ಸಿಲ್ಲದವರು ಯಂತ್ರದ ಮೇಲಿರುವ ಗುಂಡಿಯನ್ನೊತ್ತಿ ಅದನ್ನು ಎಬ್ಬಿಸಬಹುದು. ಇದನ್ನು ತಿಳಿಯದವರು ಯಂತ್ರವೇ ಕೆಟ್ಟಿದೆಯೆಂದು ಬಗೆದು ಅಂಗಡಿಗೆ ಹಿಂದಿರುಗಿಸುವುದುಂಟು.

ಹೊಂದಿಸಬೇಕಾದ ಸಂಗತಿಗಳು ಮುಖ್ಯವಾಗಿ ಮೂರು. ಮೊದಲನೆಯದು, ಎಷ್ಟು ಹೊತ್ತಿಗೊಮ್ಮೆ ಎಚ್ಚರಗೊಳ್ಳಬೇಕೆಂಬುದು. ಎರಡನೆಯದು, ಎಷ್ಟು ಬದಲಾವಣೆಯಾದರೆ ಸುದ್ದಿ ಕಳುಹಿಸಬೇಕೆಂಬುದು. ಗೋವೆಯ ಮಳೆಗಾಲದಲ್ಲಿ ಗಾಳಿಯ ತೇವ ಏರಿಳಿಯುತ್ತಲೇ ಇರುತ್ತದೆ. ನೂರಕ್ಕೆ ಒಂದರಷ್ಟು ಬದಲಾವಣೆಗೂ ವರದಿ ಬೇಕೆಂದರೆ ಯಂತ್ರಕ್ಕೆ ವಿಶ್ರಾಂತಿಯೇ ಇಲ್ಲ. ಪುಸ್ತಕದ ಕಪಾಟಿಗೆ ಬೂಷ್ಟು ಹಿಡಿಯದಂತೆ ಎಚ್ಚರಿಸಲು ನೂರಕ್ಕೆ ಐದರ ಬದಲಾವಣೆ ತಿಳಿದರೆ ಸಾಕು. ಮೂರನೆಯದು, ಏನೂ ನಡೆಯದಿದ್ದರೂ ನಿಯತಕಾಲಕ್ಕೆ "ನಾನು ಕ್ಷೇಮ" ಎಂದು ತಿಳಿಸುವ ಸುದ್ದಿ. ಇದರ ಮಹತ್ವವನ್ನು ಮುಂದೆ ಹೇಳುತ್ತೇವೆ.

ಸ್ಥಳದ ಆಯ್ಕೆಯೂ ಗಮನಾರ್ಹವಾದುದು. ನಮ್ಮ ಭಾಗದ ದಪ್ಪ ಚಿರೇಕಲ್ಲಿನ ಗೋಡೆಗಳು, ಲೋಹದ ತಗಡುಗಳು, ನೀರು ತುಂಬಿದ ಟಾಕಿಗಳು ರೇಡಿಯೋ ಅಲೆಗಳನ್ನು ಕುಂದಿಸುತ್ತವೆ. ಸುದ್ದಿ ಮುಟ್ಟದಿದ್ದರೆ ಯಂತ್ರವು ಮತ್ತೆ ಮತ್ತೆ ಪ್ರಯತ್ನಿಸಿ ಸೆಲ್ಲನ್ನು ವ್ಯಯ ಮಾಡುತ್ತದೆ. ಕರೆಂಟು ಹೋಗಿ ಕೇಂದ್ರ ಪೆಟ್ಟಿಗೆ ಆರಿದಾಗಲೂ ಕೇಳುವವರಿಲ್ಲದ ಮನೆಯಲ್ಲಿ ಅದು ಕೂಗುವಂತಾಗುತ್ತದೆ. ಆದುದರಿಂದ ಆ ಪೆಟ್ಟಿಗೆಯನ್ನು ಇನ್ವರ್ಟರಿಗೆ ಜೋಡಿಸುವುದು ಲೇಸು. ವಿದೇಶದಲ್ಲಿರುವ ಬಂಧುಗಳಿಂದ ಇಂಥ ಯಂತ್ರವನ್ನು ತರಿಸುವವರು ಇನ್ನೊಂದು ಮಾತನ್ನು ನೆನಪಿಡಬೇಕು. ಝೀ-ವೇವ್ ಪದ್ಧತಿಯು ಅಮೆರಿಕದಲ್ಲಿ 908, ಯೂರೋಪಿನಲ್ಲಿ 868, ಭಾರತದಲ್ಲಿ 865 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ ನಡೆಯುತ್ತದೆ. ಒಂದು ದೇಶದ ಯಂತ್ರ ಇನ್ನೊಂದು ದೇಶದ ಕೇಂದ್ರ ಪೆಟ್ಟಿಗೆಯೊಡನೆ ಮಾತನಾಡದು.

ಇದೇ ತತ್ತ್ವದ ದೊಡ್ಡ ಉದಾಹರಣೆಯೊಂದು ನಮ್ಮ ಗೋವೆಯಲ್ಲಿಯೇ ಇದೆ. 2004ರ ಡಿಸೆಂಬರ್ 26ರ ಸುನಾಮಿಯ ತರುವಾಯ, ದೋನಾ ಪಾವ್ಲಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು 2005ರ ಸೆಪ್ಟೆಂಬರಿನಲ್ಲಿ ಮಾಂಡವಿ ನದಿಯ ವೆರೆಂ ಧಕ್ಕೆಯಲ್ಲಿ ನೀರಿನ ಮಟ್ಟವನ್ನಳೆಯುವ ರಾಡಾರ್ ಮಾಪಕವನ್ನು ಸ್ಥಾಪಿಸಿದರು. ಬಿಸಿಲಿನಿಂದ ತುಂಬಿಕೊಳ್ಳುವ ಬ್ಯಾಟರಿ ಅದರ ಆಹಾರ. ಮೊಬೈಲ್ ಜಾಲವೇ ಅದರ ಸುದ್ದಿಯ ಹಾದಿ. ಐದು ನಿಮಿಷಗಳ ಅಳತೆಗಳ ಸರಾಸರಿಯನ್ನು ಅದು ಐದು ನಿಮಿಷಕ್ಕೊಮ್ಮೆ ಕಳುಹಿಸುತ್ತಿತ್ತು. 2007ರ ಸೆಪ್ಟೆಂಬರ್ 12ರಂದು ಸುಮಾತ್ರಾದ ಭೂಕಂಪದಿಂದೆದ್ದ ಸಣ್ಣ ಸುನಾಮಿಯನ್ನು ಅದು ಗುರುತಿಸಿ ವರದಿ ಮಾಡಿತು. ಕಪಾಟಿನ ತೇವಕ್ಕೆ ಗಂಟೆಗೊಂದು ಸುದ್ದಿ ಸಾಕು. ಕಡಲಿನ ಅಲೆಗೆ ಅಷ್ಟು ಸಾಲದು. ಕಾಯಬೇಕಾದ ವಸ್ತುವೇ ಮಾತಿನ ಅಂತರವನ್ನು ನಿರ್ಣಯಿಸಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರೋಣ. ಬೀಗ ಹಾಕಿದ ಮನೆಯಿಂದ ಹತ್ತು ದಿನ ಯಾವ ಸುದ್ದಿಯೂ ಬರಲಿಲ್ಲವೆನ್ನೋಣ. ಎಲ್ಲವೂ ಕ್ಷೇಮವೆಂದು ಅರ್ಥವೇ? ಹಾಗಿರಬಹುದು, ಸೆಲ್ಲು ಸತ್ತಿರಲೂಬಹುದು. ಎರಡು ಮೌನಗಳೂ ಹೊರಗಿನಿಂದ ಒಂದೇ ಬಗೆ. ಅವನ್ನು ಬೇರ್ಪಡಿಸುವ ಸಾಧನ, ಮೇಲೆ ಹೇಳಿದ ಕ್ಷೇಮಸಮಾಚಾರವೊಂದೇ. ದಿನಕ್ಕೆ ಎರಡು ಸಲ ಅದು ಬರುವಂತೆ ಹೊಂದಿಸಿ, ಒಂದು ದಿನ ಪೂರ್ತಿ ಬಾರದಿದ್ದರೆ ಎಚ್ಚರಿಕೆ ನೀಡುವಂತೆ ಕೇಂದ್ರ ಪೆಟ್ಟಿಗೆಗೆ ಅಪ್ಪಣೆ ಮಾಡಬೇಕು. ಆ ಪೆಟ್ಟಿಗೆಯೇ ಮೊಬೈಲಿಗೆ ಸಿಕ್ಕದಿದ್ದರೆ ನೆರೆಯವರಿಗೆ ಹೇಳಿ ಮನೆಯನ್ನು ನೋಡಿಸಬೇಕು. ಪ್ರಯಾಣಕ್ಕೆ ಮುಂಚೆ ಬಾಗಿಲನ್ನು ತೆರೆದು, ನೀರಿನ ಸಂವೇದಕಕ್ಕೆ ಒದ್ದೆ ಬಟ್ಟೆಯನ್ನು ಮುಟ್ಟಿಸಿ ಪರೀಕ್ಷಿಸಬೇಕು. ಸೆಲ್ಲಿನ ಅಂಶ ಕಡಿಮೆಯೆಂದು ಕಂಡರೆ ಹೊಸದನ್ನು ಹಾಕಿಯೇ ಹೊರಡಬೇಕು.

ತಂದೆತಾಯಿಗಳಿಗೆ ಒಂದು ವಿಶೇಷ ಸೂಚನೆ. ನಾಣ್ಯದಂತಹ ಈ ಸೆಲ್ಲನ್ನು ಚಿಕ್ಕ ಮಕ್ಕಳು ನುಂಗಿದರೆ ಅದು ಅನ್ನನಾಳವನ್ನು ಎರಡೇ ಗಂಟೆಗಳಲ್ಲಿ ಸುಟ್ಟು ಗಾಯ ಮಾಡಬಲ್ಲದು. ಹಳೆಯದೆಂದು ಬದಲಿಸಿದ ಸೆಲ್ಲಿಗೂ ಆ ಶಕ್ತಿ ಉಳಿದಿರುತ್ತದೆ. ನುಂಗಿದ ಶಂಕೆ ಬಂದೊಡನೆ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಹೊಸ ಸೆಲ್ಲುಗಳನ್ನು ಮಕ್ಕಳ ಕೈಗೆಟುಕದಲ್ಲಿ ಇಡಬೇಕು. ಹಳೆಯವಕ್ಕೆ ಎರಡೂ ಬದಿಗೆ ಟೇಪು ಸುತ್ತಿ, ಕಸದಲ್ಲಿ ಬೆರೆಸದೆ ಬೇರೆಯಾಗಿ ಒಪ್ಪಿಸಬೇಕು.

ಯಂತ್ರವು ಎಷ್ಟೇ ಚತುರವಾಗಿರಲಿ, ಅದಕ್ಕೆ ಯಾವಾಗ ಮಲಗಬೇಕು, ಯಾವಾಗ ಏಳಬೇಕು, ಏನನ್ನು ಹೇಳಬೇಕು ಎಂಬುದನ್ನು ಕಲಿಸುವವರು ನಾವೇ. ಕಾವಲುಗಾರನು ನಿದ್ರಿಸಲಿ, ಚಿಂತೆಯಿಲ್ಲ. ಅವನನ್ನು ನೇಮಿಸಿದ ಯಜಮಾನನು ಎಚ್ಚರವಾಗಿದ್ದರೆ ಮನೆ ಕ್ಷೇಮವಾಗಿರುತ್ತದೆ.