ಮೊದಲ ತಂಬೂರಿ ಕೇಳು, ಆಮ್ಯಾಲೆ ಮಾರು

ತಮ್ಮಾ, ಎಚ್‌ಡಿ 600 ಇಟ್ಗೊಳ್ಳೋ, ಎಚ್‌ಡಿ 650 ಇಟ್ಗೊಳ್ಳೋ ಅಂತ ಕೇಳಿದಿ. ಎರಡೂ ಸೆನ್‌ಹೈಸರ್ ಮನಿತನದ ಹೆಡ್‌ಫೋನು. ಒಂದು 1997ರಾಗ ಬಂದದ್ದು, ಇನ್ನೊಂದು 2003ರಾಗ. ಎರಡರದೂ 300 ಓಮ್, ತೂಕ 260 ಗ್ರಾಂ, ಇದರ ವಾಯರ್ ಅದಕ್ಕ ಕುಂಡ್ರತೈತಿ, ಅದರ ಕಿವಿಗಾದಿ ಇದಕ್ಕ ಕುಂಡ್ರತೈತಿ. ಕುದರಿ ಕತ್ತಿ ಎದುರಿಗಿಟ್ರ ಯಾರ ಬೇಕಾದ್ರೂ ಆರಿಸ್ತಾರ. ಇವು ಒಂದ ತಾಯಿ ಮಕ್ಕಳು, ನಿನ್ನ ತಲಿ ಕೆಟ್ಟಿದ್ರ ತಪ್ಪಿಲ್ಲ.

ಅವಸರ ಮಾತ್ರ ಮಾಡಬ್ಯಾಡ. ನೀ ಮೊನ್ನೆ ಮಾಡಿದ್ಯಲ್ಲ, ಇದನ್ನ ತಗದು ಅದನ್ನ ಹಾಕ್ಕೊಂಡು, "ಕಾಕಾ, ಇದು ಭಾರೀ ಐತಿ" ಅಂತ, ಅದು ಹೋಲಿಕಿ ಅಲ್ಲ. ಆಂಪ್ಲಿಫೈಯರಿನ ಗುಂಡಿ ಒಂದ ಕಡೆ ಇಟ್ಟು ಎರಡೂ ಕೇಳಿದ್ರ ಒಂದು ಚೂರು ಜೋರು ಬರ್ತೈತಿ. ಒಂದು ಡೆಸಿಬಲ್ ಫರಕ ಇತ್ತಂದ್ರ ಕಿವಿಗೆ ಅದು "ಜೋರು" ಅಂತ ಅನಸೂದಿಲ್ಲ, "ಚಲೋ" ಅಂತ ಅನಸ್ತೈತಿ. ಅಂಗಡ್ಯಾಗ ಮಾಲು ಮಾರಾವರಿಗೆ ಇದು ಭಾಳ ವರ್ಷದಿಂದ ಗೊತ್ತು. ಅದಕ್ಕ ಮೊದಲ ದನಿ ಸಮ ಮಾಡ್ಕೊ. ಫೋನಿನ್ಯಾಗ ತಂಬೂರಿ ಆ್ಯಪ್ ಐತೆಲ್ಲ, ಅದನ್ನ ಹಚ್ಚು. ತಂಬೂರಿ ಏರೂದಿಲ್ಲ, ಇಳಿಯೂದಿಲ್ಲ. ಎರಡೂ ಒಂದ ಅಳತಿಗೆ ಬರೂತನಕ ಗುಂಡಿ ತಿರುವಿ, ಎಲ್ಲಿ ನಿಂತ್ತು ಅಂತ ಪೆನ್ಸಿಲಿಂದ ಗುರ್ತ ಮಾಡು. ಹಂಗ ಗಾದಿನೂ ನೋಡು. ಈ ಜಾತಿ ಹೆಡ್‌ಫೋನಿನ್ಯಾಗ ಗಾದಿ ಚಪ್ಪಟಿ ಆದ್ರ ಕಿವಿ ಹೆಡ್‌ಫೋನಿನ ಪರದೆಗೆ ಹತ್ರ ಆಗಿ ದನಿನ ಬದಲಾಗ್ತೈತಿ. ನೀ 650 ತಗೊಂಡದ್ದು ಹಳೇದು, 600 ಹೊಸಾದು. ಗಾದಿ ಅದಲಿ ಬದಲಿ ಮಾಡಿ ಇನ್ನೊಮ್ಮೆ ಕೇಳು. ಅರ್ಧ ಜಗಳ ಅಲ್ಲೇ ಮುಗದೀತು.

ಇನ್ನ ಏನ ಕೇಳಬೇಕು ಅನ್ನೂದು. ನೀ ಓದಿದ ವಿಮರ್ಶೆಯೊಳಗ ಎಲ್ಲಾರೂ "ಸ್ಟೇಜ್" ಬಗ್ಗೆ ಬರದಾರ, ಯಾವ ವಾದ್ಯ ಎಡಕ್ಕ, ಯಾವದು ಬಲಕ್ಕ ಅಂತ. ನೀ ರಾತ್ರಿ ಕೇಳೂದು ಯಾರನ್ನ? ಮಲ್ಲಿಕಾರ್ಜುನ ಮನ್ಸೂರರನ್ನ, ಬಸವರಾಜ ರಾಜಗುರುಗಳನ್ನ, ಗಂಗೂಬಾಯಿಯವರನ್ನ. ಅವರ ಹಳೇ ಧ್ವನಿಮುದ್ರಣ ಬಹಳಷ್ಟು ಮೊನೊ. ಮೊನೊದಾಗ ಎಡ ಇಲ್ಲ, ಬಲ ಇಲ್ಲ, ಗವಾಯಿ ನಿನ್ನ ತಲಿ ನಡುವ ಕುಂಡ್ರತಾರ. ಹಂಗಾರ ಸ್ಟೇಜಿನ ಚರ್ಚಾ ನಿನಗ ಯಾಕ ಬೇಕು? ಮೊನೊದಿಂದ ಒಂದು ಉಪಯೋಗ ಖರೇ ಐತಿ: ದನಿ ನಟ್ಟನಡುವ ನಿಲ್ಲದ ಒಂದು ಬಾಜೂಕ ಸರದ್ರ, ಆ ಹೆಡ್‌ಫೋನಿನ ಎರಡು ಕಿವಿ ಸಮ ಇಲ್ಲ ಅಂತ ತಿಳಿ.

ಡಬ್ಬಿ ಮ್ಯಾಲೆ 40,000 ಹರ್ಟ್ಜ್ ಆಸುಪಾಸಿನ ಅಂಕಿ ಹಾಕ್ಯಾರ. ಮನುಷ್ಯಾನ ಕಿವಿ 20,000 ದಾಟೂದಿಲ್ಲ, ವಯಸ್ಸಾದಂಗ ಅದೂ ಇಳೀತೈತಿ. 1950ರಾಗ ಧಾರವಾಡ ಆಕಾಶವಾಣಿ ಸುರು ಆದ ಮ್ಯಾಲೆ ನಮ್ಮ ಹಿರ್ಯಾರು ಸಂಗೀತ ಕೇಳಿದ್ದು ಮೀಡಿಯಂ ವೇವ್‌ನ್ಯಾಗ. ಅದರಾಗ 5,000 ಹರ್ಟ್ಜ್ ಬಂದ್ರ ದೊಡ್ಡದು. ಅಷ್ಟರಾಗ ಅವರು ಯಾವ ರಾಗ, ಎಲ್ಲಿ ಸ್ವರ ಜಾರಿತು ಅಂತ ಹೇಳ್ತಿದ್ರು. ಆ ಅಂಕಿ ನೋಡಿ ಆರಿಸಬ್ಯಾಡ.

ಪರೀಕ್ಷಾಕ್ಕ ಗಂಗೂಬಾಯಿಯವರಕಿಂತ ಚಲೋ ದನಿ ನನಗ ಗೊತ್ತಿಲ್ಲ. 1930ರ ದಶಕದ ಅವರ 78 ಆರ್‌ಪಿಎಂ ಪ್ಲೇಟಿನ್ಯಾಗ ತೆಳ್ಳನ ಎತ್ತರದ ಹೆಣ್ಣುದನಿ. ಗಂಟಲ ಆಪರೇಶನ್ ಆದಮ್ಯಾಲೆ ಗಂಡಸರ ದನಿಯಷ್ಟು ಗಡಸು, ಭಾರ. ಒಬ್ಬರದ ಎರಡು ದನಿ. ಎರಡನ್ನೂ ಎರಡೂ ಹೆಡ್‌ಫೋನಿನ್ಯಾಗ ಕೇಳು. 650ರಾಗ ಕೆಳಗಿನ ದನಿ ಚೂರು ದಪ್ಪ, ಮ್ಯಾಲಿನ ಅಂಚು ಚೂರು ಮೆತ್ತಗ. ಪ್ಲೇಟಿನ ಸರಸರ ಸಪ್ಪಳ, ಚುಚ್ಚೂದು ಅದರಾಗ ಕಡಿಮಿ ಆಗ್ತೈತಿ. ಹಳೇ ತೆಳ್ಳನ ದನಿಗೆ ಮೈ ತುಂಬತೈತಿ. ಆದ್ರ ಆಮ್ಯಾಲಿನ ಗಡಸು ದನಿ ಕೇಳೂ ಮುಂದ ಅದು ಇನ್ನಷ್ಟು ಭಾರ ಆಗಿ, ಹಿಂದಿನ ತಂಬೂರಿಯ ಜವಾರಿ, ಅಂದ್ರ ತಂತಿಯ ಝೇಂಕಾರ, ಮಬ್ಬ ಆಗ್ತೈತಿ. 600ರಾಗ ಜವಾರಿ ಎಳಿ ಎಳಿಯಾಗಿ ಬರ್ತೈತಿ. ಬಾಲೇಖಾನ್ ಸಾಹೇಬರ ಸಿತಾರ್ ಹಚ್ಚು, ಮೀಟಿದ ಮ್ಯಾಲೆ ತರಫಿನ ತಂತಿ ಎಷ್ಟು ಹೊತ್ತು ಗುಂಯ್‌ಗುಡತೈತಿ ಅಂತ ಕೇಳು. ಅಲ್ಲೂ 600 ಒಂದು ಕೈ ಮ್ಯಾಲೆ. ಈ ಫರಕ ಸಾಸಿವಿಯಷ್ಟು, ಗುಡ್ಡದಷ್ಟು ಅಲ್ಲ.

ಹುಬ್ಬಳ್ಳಿಯೊಳಗ ನಮ್ಮ ಗೋಪನಕೊಪ್ಪದ ಮಾತು ಬ್ಯಾರೆ ಐತಿ. ಎರಡೂ ಹಿಂದ ತೆರದ ಹೆಡ್‌ಫೋನು, ಹೊರಗಿನದೆಲ್ಲಾ ಒಳಗ ಬರ್ತೈತಿ: ಫ್ಯಾನು, ಟಂಟಂ ಗಾಡಿ, ಅಡಗಿಮನಿ ಕುಕ್ಕರ್ ಸೀಟಿ. ಅದನ್ನ ಮುಚ್ಚಾಕ ನೀ ದನಿ ಏರಸ್ತಿ. ವಿಶ್ವ ಆರೋಗ್ಯ ಸಂಸ್ಥೆ ಹೇಳೂದು ದೊಡ್ಡವರಿಗೆ 80 ಡೆಸಿಬಲ್, ವಾರಕ್ಕ 40 ತಾಸು. 3 ಡೆಸಿಬಲ್ ಏರಿಸಿದ್ರ ತಾಸು ಅರ್ಧಕ್ಕ ಇಳೀತಾವು. ಅದಕ್ಕ ರಾತ್ರಿ ಹತ್ತರ ಮ್ಯಾಲೆ, ಕೇಶ್ವಾಪುರ ಕಡೆ ಗಾಡಿ ಕಡಿಮಿ ಆದಮ್ಯಾಲೆ ಕೇಳು. ಬ್ಯಾಸಗ್ಯಾಗ ಮಖಮಲ್ ಗಾದಿ ಕಿವಿ ಬೆವರಸ್ತೈತಿ, ನಿನ್ನ ಚಸ್ಮಾದ ಕಾಲು ಒತ್ತತೈತಿ. ಹೊಸಾದು ಬಿಗಿ ಹೆಚ್ಚು, ಬರಬರತ ಸಡ್ಲ ಆಗ್ತೈತಿ. ಅದಕ್ಕಂತ 600ಕ್ಕ ಈಗಲೇ ಅನ್ಯಾಯ ಮಾಡಬ್ಯಾಡ.

ಒಂದೊಂದು ವಾರ ಒಂದನ್ನ ಅಷ್ಟ ಹಾಕ್ಕೊ, ಇನ್ನೊಂದನ್ನ ಟ್ರಂಕಿನ್ಯಾಗ ಇಡು. ಯಾವದನ್ನ ಹಾಕ್ಕೊಂಡಾಗ ಹೆಡ್‌ಫೋನಿನ ಧ್ಯಾಸ ಬಿಟ್ಟು ಖಯಾಲ್ ಪೂರಾ ಕೇಳ್ತಿ, ಅದು ನಿಂದು.

ನನ್ನ ಕೇಳಿದ್ರ 600 ಅಂತೀನಿ, ಯಾಕಂದ್ರ ನಿನ್ನ ಕಡೆ ಇರೂದು ಬಹಳಷ್ಟು 78ರ ಪ್ಲೇಟಿನ ಕಾಲ ಮುಗದ ಆಮ್ಯಾಲಿನ ಚಲೋ ಧ್ವನಿಮುದ್ರಣ. ನಾಳೆ ಹಳೇ ಪ್ಲೇಟಿನ ಹುಚ್ಚು ಹಿಡದ್ರ ನನ್ನ ಮಾತು ಬಿಡು, 650 ಇಟ್ಗೊ. ಮಾರೂದು 650 ಆದ್ರ ಹೊಸಾ ಗಾದಿ ಜೋಡಿ ಹಾಕಿ ಕೊಡು, ಬಿಲ್ಲು ಡಬ್ಬಿ ಸಮೇತ. ಹುಬ್ಬಳ್ಳಿಯೊಳಗ 300 ಓಮ್ ಹೆಡ್‌ಫೋನ್ ಕೇಳಾವರು ಮೂಲಿಗೊಬ್ರು ಸಿಗೂದಿಲ್ಲ, ಬೆಂಗಳೂರಿನವರಿಗೆ ಕೊಟ್ರ ರೊಕ್ಕ ಚಲೋ ಬಂದೀತು. ಬರೇ ಫೋನಿಗೆ ಹಚ್ಚಿದ್ರ ಸಪ್ಪಗ ಕೇಳ್ತೈತಿ, ಆಂಪ್ಲಿಫೈಯರ್ ಬೇಕು ಅಂತ ತಗೊಳ್ಳಾವರಿಗೆ ಮೊದಲ ಹೇಳಿಬಿಡು.