ಕನ್ನಡಿಯ ಡೇರೆಯಲ್ಲಿ ಬೆಳಕಿನ ಪಾಠ

ಬೋಧನಾಭ್ಯಾಸಕ್ಕೆಂದು ಹೊಳಲ್ಕೆರೆ ತಾಲ್ಲೂಕಿನ ಪ್ರೌಢಶಾಲೆಯೊಂದಕ್ಕೆ ಹೋಗಿದ್ದಾಗ ಎಂಟನೇ ತರಗತಿಯ ‘ಬೆಳಕು’ ಪಾಠ ನನ್ನ ಪಾಲಿಗೆ ಬಂತು. ಆ ವಾರ ಬಸ್ಸಿನಲ್ಲಿ ನಾನು ಓದುತ್ತಿದ್ದುದು ಎರಿನ್ ಮಾರ್ಗನ್‌ಸ್ಟರ್ನ್ ಅವರ ‘ದ ನೈಟ್ ಸರ್ಕಸ್’ (2011) ಎಂಬ ಇಂಗ್ಲಿಷ್ ಕಾದಂಬರಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಕಾಲ. ಯಾವ ಸೂಚನೆಯೂ ಇಲ್ಲದೆ ಊರ ಹೊರಗೆ ಕಪ್ಪು ಬಿಳುಪು ಪಟ್ಟೆಯ ಡೇರೆಗಳು ಎದ್ದು ನಿಲ್ಲುತ್ತವೆ. ಕತ್ತಲಾದ ಮೇಲೆ ತೆರೆದು ಬೆಳಗಾಗುವಷ್ಟರಲ್ಲಿ ಮುಚ್ಚುತ್ತವೆ. ಒಂದರಲ್ಲಿ ಹಿಮದ ತೋಟ, ಒಂದರಲ್ಲಿ ಮೋಡಗಳ ಚಕ್ರವ್ಯೂಹ, ಇನ್ನೊಂದರಲ್ಲಿ ಬರೀ ಕನ್ನಡಿಗಳು. ಒಂದು ದಿನ ಇಳಿಯಬೇಕಾದ ನಿಲ್ದಾಣ ದಾಟಿದ್ದೂ ನನಗೆ ಗೊತ್ತಾಗಲಿಲ್ಲ.

ಪಾಠ ಯೋಜನೆಯ ತೊಡಗಿಸಿಕೊಳ್ಳುವ ಹಂತಕ್ಕೆ ಈ ಕತೆಯನ್ನೇ ಬಳಸುತ್ತೇನೆ ಎಂದಾಗ ಮಾರ್ಗದರ್ಶಕರು ಒಪ್ಪಿದರು. ಆದರೆ, “ವಿಜ್ಞಾನದ ತರಗತಿಗೆ ಮಾಯೆ ತಂದ ಮೇಲೆ ಅದನ್ನ ಎಲ್ಲಿ ಇಳಿಸ್ತೀರಮ್ಮ?” ಎಂದು ಕೇಳಿದರು.

ಆ ಹೆದರಿಕೆಯಲ್ಲೇ ಮೊದಲ ದಿನದ ಪಾಠ ಕೆಡಿಸಿದೆ. ಪ್ರತಿ ವಾಕ್ಯಕ್ಕೂ “ಇದು ನಿಜವಲ್ಲ, ಕಲ್ಪನೆ” ಎಂದು ಸೇರಿಸುತ್ತ ಹೋದೆ. ಕೊನೆಗೆ ಹಿಂದಿನ ಸಾಲಿನ ಹುಡುಗನೊಬ್ಬ, “ಕತೆ ಅಂತ ನಮಗೂ ಗೊತ್ತು ಮಿಸ್, ಮುಂದಕ್ಕೆ ಹೇಳಿ” ಎಂದ. ಸಹಪಾಠಿ ಬರೆದ ಅವಲೋಕನದಲ್ಲಿ ನನ್ನ ಪಾಠದ ಬಗ್ಗೆ ಇದಕ್ಕಿಂತ ಉಪಯುಕ್ತವಾದ ಮಾತು ಇರಲಿಲ್ಲ.

ಮರುದಿನ ಹತ್ತು ನಿಮಿಷ ಕತೆಯನ್ನಷ್ಟೇ ಹೇಳಿದೆ. ಡೇರೆಗಳ ನಡುವಿನ ದಾರಿ ಸುತ್ತು ಸುತ್ತಾಗಿದೆ ಎಂದಾಗ “ನಮ್ಮ ಏಳುಸುತ್ತಿನ ಕೋಟೆ ಥರ!” ಎಂದು ಯಾರೋ ಕೂಗಿದರು. ಕನ್ನಡಿಯ ಡೇರೆಗೆ ಬಂದಾಗ ನಿಲ್ಲಿಸಿ, ಗುಂಪಿಗೆ ಎರಡೆರಡು ಸಮತಲ ಕನ್ನಡಿ, ಕೋನಮಾಪಕ, ಒಂದು ಹುಣಸೆ ಬೀಜ ಕೊಟ್ಟೆ. ಕನ್ನಡಿಗಳ ನಡುವೆ 90 ಡಿಗ್ರಿ ಇದ್ದಾಗ 3 ಬಿಂಬ, 60ಕ್ಕೆ 5, 45ಕ್ಕೆ 7. ಒಂದು ಗುಂಪು 60ಕ್ಕೆ 6 ಎಂದು ವಾದಿಸಿತು; ಬೀಜವನ್ನೂ ಎಣಿಸಿಕೊಂಡಿದ್ದರು. ಆ ತಪ್ಪಿನಿಂದಲೇ ಸೂತ್ರ ಹೊರಟಿತು: 360ನ್ನು ಕೋನದಿಂದ ಭಾಗಿಸಿ, ಬೀಜಕ್ಕೆಂದು ಒಂದು ಕಳೆಯಿರಿ. ಕನ್ನಡಿಗಳನ್ನು ಎದುರುಬದುರು ಸಮಾಂತರವಾಗಿ ಹಿಡಿದು ಅಂಚಿನ ಮೇಲಿಂದ ಇಣುಕಿದಾಗ ಬೀಜಗಳ ಕೊನೆಯಿಲ್ಲದ ಸಾಲು. ದೂರದವು ಮಸುಕಾಗಿ ಹಸಿರು ಕಾಣುವುದೇಕೆ ಎಂದು ಒಬ್ಬ ಹುಡುಗಿ ಕೇಳಿದಳು. ಇದು ನನ್ನ ಯೋಜನೆಯಲ್ಲಿರಲಿಲ್ಲ. ಪ್ರತಿ ಪ್ರತಿಫಲನದಲ್ಲೂ ಸ್ವಲ್ಪ ಬೆಳಕು ಹೀರಲ್ಪಡುತ್ತದೆ, ಗಾಜಿನಲ್ಲಿರುವ ಕಬ್ಬಿಣದ ಅಂಶದಿಂದ ಹಸಿರು ಉಳಿಯುತ್ತದೆ ಎಂದು ವಿವರಿಸಿದೆ.

ಕಾದಂಬರಿಯಲ್ಲಿ ನನಗೆ ಹೆಚ್ಚು ಹಿಡಿಸಿದ್ದನ್ನು ಕೊನೆಗೆ ಹೇಳಿದೆ. ಅಲ್ಲಿನ ಸೀಲಿಯಾ, ಮಾರ್ಕೊ ನಿಜವಾದ ಮಾಯೆ ಬಲ್ಲವರು; ಜನ ಅದನ್ನು ಕೈಚಳಕವೆಂದೇ ತಿಳಿದು ಚಪ್ಪಾಳೆ ತಟ್ಟುತ್ತಾರೆ. ನಮ್ಮಲ್ಲಿ ಇದು ತಲೆಕೆಳಗು. ಸುಡುಗಾಡು ಸಿದ್ಧರ ಆಟಕ್ಕೆ ನಮ್ಮಜ್ಜಿ ‘ಕಣ್ಕಟ್ಟು’ ಎನ್ನುತ್ತಿದ್ದಳು. ಹೆಸರೇ ಗುಟ್ಟು ಬಿಟ್ಟುಕೊಡುತ್ತದೆ. ಕೈಚಳಕವನ್ನು ಪವಾಡವೆಂದು ಮಾರುವವರು ಬೇರೆಯೇ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದ್ದನ್ನೂ ಹೇಳಿದೆ. ಮೌಲ್ಯಮಾಪನಕ್ಕೆ ಸಮಯ ಸಾಲಲಿಲ್ಲ, ಅದು ನನ್ನ ಲೋಪ.

ಗಂಟೆ ಹೊಡೆದ ಮೇಲೆ ಹಸಿರಿನ ಪ್ರಶ್ನೆ ಕೇಳಿದ ಹುಡುಗಿಯೇ ಬಂದಳು. ಅವಳ ಅಮ್ಮನ ಕಾಯಿಲೆ ವಾಸಿಮಾಡುತ್ತೇನೆಂದು ಬಂದವನೊಬ್ಬ ಕಡ್ಡಿ ಗೀರದೆ ಬೆಂಕಿ ಹಚ್ಚಿದನಂತೆ. ಇನ್ನೂ ದುಡ್ಡು ಕೊಡಬೇಕಂತೆ. “ಅದೂ ಕಣ್ಕಟ್ಟಾ ಮಿಸ್?” ಅವಳ ಅಪ್ಪ ನಂಬಿದ್ದರು, ಮೋಸ ಎಂದು ಒಮ್ಮೆಗೇ ಹೇಳಲು ನನಗೆ ಬಾಯಿ ಬರಲಿಲ್ಲ. ಮಾರನೆಯ ದಿನ ಶಾಲೆಯ ವಿಜ್ಞಾನ ಶಿಕ್ಷಕರ ಜೊತೆ ನಿಂತು, ಮಕ್ಕಳನ್ನು ದೂರ ಕೂರಿಸಿ, ಪಿಂಗಾಣಿ ಬಟ್ಟಲಲ್ಲಿ ಚಿಟಿಕೆ ಪೊಟ್ಯಾಸಿಯಂ ಪರ್ಮಾಂಗನೇಟಿಗೆ ಕೆಲವು ಹನಿ ಗ್ಲಿಸರಿನ್ ಹಾಕಿದೆ. ಮೊದಲು ಏನೂ ಇಲ್ಲ. ಆಮೇಲೆ ಹೊಗೆ, ಭಗ್ಗನೆ ನಸುನೇರಳೆ ಜ್ವಾಲೆ. ಇಡೀ ತರಗತಿ ಚಪ್ಪಾಳೆ ತಟ್ಟಿತು, ಅವಳು ತಟ್ಟಲಿಲ್ಲ.

“ಅಪ್ಪನ್ನ ಕರ್ಕೊಂಡು ಬರ್ಲಾ?” ಎಂದಳು. ಸೋಮವಾರ ಅವರು ಬಂದರು. ಬೆಂಕಿಯನ್ನು ಎರಡು ಸಲ ಮಾಡಿಸಿ ನೋಡಿ, ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ಹೊತ್ತಿಗೆ ಚೀಟಿ ಕೊಡುತ್ತಾರೆಂದು ಶಿಕ್ಷಕರನ್ನು ಕೇಳಿದರು.