ಜಡಿಮಳೆಯ ದಿನಗಳಲ್ಲಿ ಚಿಕ್ಕ ಮಕ್ಕಳು



ಜೂನ್ ತಿಂಗಳ ಮೂರನೆಯ ವಾರ ಕಳೆದು ಆರಿದ್ರೆ ಮಳೆ ಹಿಡಿಯಿತೆಂದರೆ ನಮ್ಮ ಬೆಟ್ಟದ ಸೀಮೆಯಲ್ಲಿ ಮನೆಗಳ ಬಾಗಿಲು ಅರ್ಧ ಮುಚ್ಚಿದ ಹಾಗೆಯೇ ಸರಿ. ಆರಿದ್ರೆಯಾದ ಮೇಲೆ ಪುನರ್ವಸು, ಅದರ ಬೆನ್ನಿಗೆ ಪುಷ್ಯ, ಆಗಸ್ಟ್ ಆರಂಭದಲ್ಲಿ ಆಶ್ಲೇಷೆ, ಹೀಗೆ ಒಂದು ಮಳೆ ತೀರುವದರೊಳಗೆ ಮತ್ತೊಂದು ಬಂದು, ಬಾಬಾಬುಡನ್‌ಗಿರಿಯ ಸಾಲೆಲ್ಲಾ ಮೋಡದೊಳಗೆ ಅಡಗಿಹೋಗುವದು. ಕಡೂರಿನ ಬಯಲು ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾದೀತು. ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ಕಡೆಯವರಿಗೆ ಹೇಳುವ ಅಗತ್ಯವಿಲ್ಲ. ಭದ್ರಾ ನದಿ ಏರಿ ಹೆಬ್ಬಾಳೆಯ ಸೇತುವೆ ಮುಳುಗಿ, ಕಳಸದಿಂದ ಆ ದಾರಿಯಾಗಿ ಹೊರನಾಡಿಗೆ ಹೋಗುವ ಬಸ್ಸುಗಳು ನಿಂತುಹೋದ ಮಳೆಗಾಲಗಳು ಎಷ್ಟೋ ಉಂಟು. ಅಂಥಾ ದಿನಗಳಲ್ಲಿ ಜಿಲ್ಲಾಧಿಕಾರಿಗಳು ಶಾಲೆಗಳಿಗೂ ಅಂಗನವಾಡಿಗಳಿಗೂ ರಜೆ ಸಾರುವರು. ರಜೆಯು ಮಕ್ಕಳಿಗೆ; ತಾಯಂದಿರಿಗಲ್ಲ.

ತೋಟದ ಸಾಲುಮನೆಯೊಂದನ್ನು ಮನಸ್ಸಿಗೆ ತಂದುಕೊಳ್ಳಿರಿ. ಒಂದು ಕೋಣೆ, ಒಂದು ಒಲೆ, ಮುಂದೆ ಮೂರು ಮೊಳದ ಜಗಲಿ. ಹಗ್ಗದ ಮೇಲೆ ನಾಲ್ಕು ದಿನದಿಂದ ಒಣಗದ ಬಟ್ಟೆ. ಹಸಿ ಸೌದೆಯ ಹೊಗೆ. ಇದರೊಳಗೆ ಆರು ವರುಷದೊಂದು, ನಾಲ್ಕು ವರುಷದೊಂದು, ಅಂಬೆಗಾಲಿಕ್ಕುವದೊಂದು. ಮಳೆ ಸ್ವಲ್ಪ ಹೊಳವಾದರೆ ತಾಯಿಯು ಗಿಡ ನೆಡುವದಕ್ಕೋ ಗದ್ದೆಯ ನಾಟಿಗೋ ಹೋಗಲೇಬೇಕು. ಅಜ್ಜಿ ಇದ್ದ ಮನೆ ಪುಣ್ಯವುಳ್ಳದ್ದು. ಇಲ್ಲದ ಮನೆಯಲ್ಲಿ ತಾಯಿಯು ತನ್ನ ಹಳೇ ಸೀರೆಯಿಂದ ಕೂಸನ್ನು ಕಂಬಕ್ಕೆ ಕಟ್ಟಿ ಹೋದದ್ದನ್ನು ನಾನು ಹಳ್ಳಿಯಿಂದ ಹಳ್ಳಿಗೆ ತಿರುಗುವಾಗ ಕಂಡದ್ದುಂಟು. ಆಕೆಯನ್ನು ಕಠಿಣಳೆಂದು ಹೇಳುವ ಮನಸ್ಸು ನನಗೆ ಬಾರದು. ಒಲೆಗೂ ಹಳ್ಳಕ್ಕೂ ಹೆದರಿಯೇ ಕಟ್ಟಿದಳು. 1951ರಲ್ಲಿ ತೋಟದ ಕೂಲಿಗಾರರಿಗಾಗಿ ಮಾಡಲ್ಪಟ್ಟ ಕಾಯಿದೆಯು, ಐವತ್ತು ಮಂದಿ ಹೆಂಗಸರು ದುಡಿಯುವ ತೋಟಗಳಲ್ಲಿ ಆರು ವರುಷದೊಳಗಿನ ಮಕ್ಕಳಿಗೆ ಶಿಶುಗೃಹ ಇರಬೇಕೆಂದು ವಿಧಿಸಿತು. ಅದು ಒಳ್ಳೇ ವಿಧಿಯೇ. ಆದರೆ ಇಪ್ಪತ್ತು ಎಕರೆಯ ಸಣ್ಣ ಹಿಡುವಳಿಯಲ್ಲಿ ನಾಲ್ಕೈದು ಮಂದಿ ದುಡಿಯುವಲ್ಲಿ ಅದರ ನೆರಳು ಬೀಳಲಿಲ್ಲ.

ಪರರ ಮಾತು ಹಾಗಿರಲಿ, ನನ್ನ ಮನೆಯಲ್ಲಿಯೇ ನಡೆದದ್ದನ್ನು ಮುಚ್ಚಿಡದೆ ಹೇಳುವೆನು. ಕೆಲವು ವರುಷಗಳ ಹಿಂದೆ ಪುಷ್ಯ ಮಳೆಯಲ್ಲಿ ಮೂರು ದಿನ ಹೊರಗೆ ಕಾಲಿಡಲಾಗದೆ ಇದ್ದೆನು. ನನಗೆ ಓದಿ ಬರೆಯುವ ಕೆಲಸವಿತ್ತು. ನಾಲ್ಕು ವರುಷದ ಮಗನು ನೂರು ಪ್ರಶ್ನೆ ಕೇಳುತ್ತಾ ನನ್ನ ಕಾಗದಗಳ ಮೇಲೆ ಕೂರುವದಕ್ಕೆ ಬಂದನು. ಮೊದಲು ಗದರಿಸಿ ಮೂಲೆಯಲ್ಲಿ ಕೂರಿಸಿದೆನು; ಕೂರಲಿಲ್ಲ. ಆಮೇಲೆ ಮೊಬೈಲನ್ನು ಕೈಗೆ ಕೊಟ್ಟೆನು, ಕಲ್ಲಿನಂತೆ ಕೂತನು. ಆದರೆ ಕರೆಂಟು ಹೋಗಿ ಎರಡು ದಿನವಾಗಿತ್ತು. ಮಧ್ಯಾಹ್ನಕ್ಕೆ ಮೊಬೈಲು ಆರಿಹೋಯಿತು. ಅವನ ಗಲಾಟೆ ನಿಂತದ್ದನ್ನು ಕಂಡು ನಿದ್ದೆ ಹೋದನೆಂದು ನೆನಸಿ ನಾನು ಸಂತೋಷಪಟ್ಟೆನು. ಅರ್ಧ ತಾಸಿನ ಮೇಲೆ ನೋಡಿದರೆ ಮನೆಯಲ್ಲಿ ಹುಡುಗನಿಲ್ಲ. ಬಾಳೆಯ ಪಟ್ಟೆಯ ತುಂಡೊಂದನ್ನು ದೋಣಿ ಮಾಡಿ ಸೂರಿನ ನೀರಿಗೆ ಬಿಟ್ಟು, ಅದು ಹೋದ ಹಾಗೆ ಚರಂಡಿಯ ಗುಂಟ ತಾನೂ ಇಳಿದು, ಕೆಂಪು ನೀರು ಭೋರಿಡುವ ಹಳ್ಳದ ಅಂಚಿನಲ್ಲಿ ನಿಂತಿದ್ದನು. ಮುಂದೆ ಎರಡೇ ಹೆಜ್ಜೆ.

ಎತ್ತಿಕೊಂಡು ಬಂದ ಮೇಲೆ ನಡುಕ ಇಳಿದು ಸಿಟ್ಟು ಏರಿತು. ಹೊಡೆಯುವದಕ್ಕೆ ಕೈ ಎತ್ತಿದೆನು. ಆಗ ನನ್ನ ಮನೆಯವಳು ನಡುವೆ ಬಂದು, “ಅವನಿಗೆ ಸುಮ್ಮನೆ ಕೂತುಕೋ ಅಂದಿರಿ. ಕೂತು ಏನು ಮಾಡಬೇಕು ಅಂತ ನೀವು ಹೇಳಿದ್ದೇ ಇಲ್ಲವಲ್ಲ” ಎಂದಳು.

ಸೆಮಿನರಿಯಲ್ಲಿ ನಾನು ಕಲಿತ ಪಾಠಗಳಲ್ಲಿ ಕೆಲವು ಮರೆತುಹೋಗಿವೆ. ಈ ಮಾತು ಮರೆತಿಲ್ಲ. ಚಿಕ್ಕ ಮಗುವಿಗೆ ಸುಮ್ಮನಿರುವದು ಒಂದು ಕೆಲಸವಲ್ಲ. ಕೈಗೆ ಕೆಲಸ ಕೊಡದಿದ್ದರೆ ಅದು ತಾನೇ ಒಂದನ್ನು ಹುಡುಕಿಕೊಳ್ಳುವದು, ಮತ್ತು ಮಳೆಗಾಲದಲ್ಲಿ ಅದು ಹುಡುಕುವ ಕೆಲಸ ಬೆಂಕಿಯ ಹತ್ತಿರ ಇಲ್ಲವೆ ನೀರಿನ ಹತ್ತಿರ ಇರುವದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಐದು ವರುಷದೊಳಗಿನ ಮಕ್ಕಳ ವಿಷಯವಾಗಿ ಕೊಟ್ಟ ಸೂಚನೆಗಳಲ್ಲಿ ಇದೇ ಮಾತು ಬೇರೆ ರೀತಿಯಿಂದ ಕಾಣುವದು. ಒಂದರಿಂದ ನಾಲ್ಕು ವರುಷದ ಮಗು ದಿನಕ್ಕೆ ಒಟ್ಟು ಮೂರು ತಾಸಾದರೂ ಮೈ ಆಡಿಸಬೇಕು. ಒಂದೇ ಸಮನೆ ಒಂದು ತಾಸಿಗಿಂತ ಹೆಚ್ಚು ಕಟ್ಟಿಯೋ ಬಿಗಿದೋ ಇಡಬಾರದು. ಎರಡು ವರುಷ ತುಂಬದ ಮಗುವಿಗೆ ಮೊಬೈಲು, ಟೀವಿಗಳ ತೆರೆ ಬೇಡ, ಎರಡು ದಾಟಿದವರಿಗೆ ಹೆಚ್ಚೆಂದರೆ ದಿನಕ್ಕೆ ಒಂದು ತಾಸು. ಮಳೆ ಬಂತೆಂದು ಮಗುವಿನ ಮೈ ಈ ಲೆಕ್ಕವನ್ನು ಬಿಟ್ಟುಬಿಡುವದಿಲ್ಲ.

ಹಾಗಾದರೆ ಏನು ಮಾಡತಕ್ಕದ್ದು? ಪೇಟೆಯಿಂದ ಆಟದ ಸಾಮಾನು ತರಬೇಕಾದದ್ದಿಲ್ಲ. ಮೈ ಆಡಿಸುವದಕ್ಕೆ ಅಡಿಕೆಯ ಹಾಳೆಗಿಂತ ಒಳ್ಳೇದನ್ನು ನಾನು ಕಾಣೆನು. ಒಬ್ಬನು ಹಾಳೆಯ ಮೇಲೆ ಕೂತು, ಇನ್ನೊಬ್ಬನು ಸೋಗೆಯ ತುದಿ ಹಿಡಿದು ಜಗಲಿಯ ಈ ಕಡೆಯಿಂದ ಆ ಕಡೆಗೆ ಎಳೆಯುವದು. ಆಮೇಲೆ ಎಳೆದವನು ಕೂರುವದು. ಎರಡು ಕರಟಗಳಿಗೆ ಹಗ್ಗ ಪೋಣಿಸಿ, ಹಗ್ಗವನ್ನು ಕೈಯಲ್ಲಿ ಹಿಡಿದು, ಕರಟದ ಮೇಲೆ ಕಾಲಿಟ್ಟು ಟಕ್ ಟಕ್ಕೆಂದು ನಡೆಯುವದು ಆರು ವರುಷದವರಿಗೆ. ಸದ್ದಾಗುವದು ನಿಜ. ಹಂಚಿನ ಮೇಲೆ ಮಳೆ ಬಡಿಯುವಾಗ ಆ ಸದ್ದು ಯಾರ ಕಿವಿಗೆ ಬಿದ್ದೀತು?

ಕೂತು ಆಡುವ ಆಟಗಳಲ್ಲಿ ಚನ್ನೆಮಣೆಗೆ ಮೊದಲನೆಯ ಸ್ಥಾನ. ಅಳಿಗುಳಿಮಣೆ ಎಂದು ಬೇರೆ ಕಡೆಯವರು ಹೇಳುವರು. ಘಟ್ಟದ ಕೆಳಗಿನ ತುಳು ಸೀಮೆಯಲ್ಲಿ ಇದನ್ನು ಆಟಿ ತಿಂಗಳ ಆಟವೆಂದೇ ಎಣಿಸುವರು. ಆ ತಿಂಗಳು ಜುಲೈ ನಡುವಿನಿಂದ ಆಗಸ್ಟ್ ನಡುವಿನ ವರೆಗೆ, ಅಂದರೆ ಮಳೆಯ ಹೊಟ್ಟೆಯಲ್ಲಿಯೇ ಬರುವದು. ಮಳೆಯಿಂದ ಮನೆಯಲ್ಲಿ ಸಿಕ್ಕಿಬಿದ್ದವರಿಗೆ ಆಟ ಬೇಕೆಂಬದನ್ನು ನಮ್ಮ ಹಿರಿಯರು ಯಾವ ಸೂಚನೆಯೂ ಇಲ್ಲದೆ ಅರಿತಿದ್ದರು. ಮಣೆಯಲ್ಲಿ ಏಳೇಳರ ಎರಡು ಸಾಲು, ಒಟ್ಟು 14 ಗುಳಿ. ಗುಳಿಗೆ ನಾಲ್ಕರಂತೆ 56 ಬೀಜ. ಕೆಲವರು ಐದರಂತೆ ಇಡುವರು. ಆಡುವವನು ತನ್ನ ಸಾಲಿನ ಒಂದು ಗುಳಿಯ ಬೀಜಗಳನ್ನೆಲ್ಲಾ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗುವನು. ಕೈ ಬರಿದಾದ ಕೂಡಲೆ ಅದರ ಮುಂದಿನ ಗುಳಿಯದನ್ನು ಎತ್ತಿ ಪುನಃ ಹಂಚುವನು. ಮುಂದಿನ ಗುಳಿ ಬರಿದಾಗಿದ್ದರೆ ಅದನ್ನು ಬೆರಳಿನಿಂದ ಸವರಿ, ಅದರಾಚೆಯ ಗುಳಿಯಲ್ಲಿದ್ದದ್ದನ್ನೆಲ್ಲಾ ತನ್ನ ಗಳಿಕೆಯಾಗಿ ತೆಗೆದುಕೊಂಡು, ಸರದಿಯನ್ನು ಎದುರಾಳಿಗೆ ಬಿಡುವನು. ಊರಿಂದ ಊರಿಗೆ ಕ್ರಮ ಬೇರೆ. ನಿಮ್ಮ ಮನೆಯ ಮುದುಕಿ ಹೇಳಿದ್ದೇ ಸರಿಯಾದ ಕ್ರಮವೆಂದು ಒಪ್ಪಿಕೊಂಡರೆ ಜಗಳವಿರದು.

ಮಣೆ ಇಲ್ಲದವರು ಹದಿನಾಲ್ಕು ಕರಟಗಳನ್ನು ಎರಡು ಸಾಲಾಗಿ ಇಡಲಿ, ಇಲ್ಲವೆ ಸುಣ್ಣದಿಂದ ನೆಲದ ಮೇಲೆ ಹದಿನಾಲ್ಕು ವೃತ್ತ ಬರೆಯಲಿ. ನಾಲ್ಕು ವರುಷದವನಿಗೆ ಗೆಲ್ಲುವ ಸೋಲುವ ವಿಷಯ ತಿಳಿಯದು. ಅವನು ಅಕ್ಕನ ಪಕ್ಕದಲ್ಲಿ ಕೂತು, ಅಕ್ಕ ಕೊಟ್ಟ ಬೀಜಗಳನ್ನು ಒಂದು ಮನೆಗೆ ಒಂದು, ಇನ್ನೊಂದು ಮನೆಗೆ ಇನ್ನೊಂದು ಎಂದು ಹಾಕಲಿ. ಒಂದನ್ನೂ ಬಿಡದೆ, ಒಂದಕ್ಕೆ ಎರಡನ್ನು ಹಾಕದೆ ಹೋಗುವದೇ ಅವನಿಗೆ ಗಣಿತದ ಮೊದಲನೆಯ ಪಾಠ. ಬಾಬಾಬುಡನರು ಅರಬ್ಬೀ ದೇಶದಿಂದ ಏಳು ಕಾಫಿಬೀಜಗಳನ್ನು ತಂದು ಈ ಗಿರಿಯಲ್ಲಿ ನೆಟ್ಟರೆಂಬ ಕಥೆಯನ್ನು ನಮ್ಮ ಕಡೆಯ ಎಲ್ಲರೂ ಬಲ್ಲರು. ಆ ಕಥೆಯನ್ನು ಹೇಳಿ, ಒಂದು ಸಾಲಿನ ಏಳು ಗುಳಿಗೆ ಏಳು ಬೀಜ ನೆಡಿಸಿದರೆ, ಮಗನು ಮತ್ತೆ ಮತ್ತೆ ನೆಡುವನು. ನಮ್ಮ ಮನೆಯಲ್ಲಿ ಒಂದು ಮಧ್ಯಾಹ್ನ ಆ ತೋಟವು ಹನ್ನೊಂದು ಸಾರಿ ನೆಡಲ್ಪಟ್ಟಿತು.

ಬೀಜದ ವಿಷಯದಲ್ಲಿ ಎಚ್ಚರದ ಮಾತೊಂದುಂಟು. ಇದನ್ನು ದಯವಿಟ್ಟು ಹಗುರವಾಗಿ ಎಣಿಸಬೇಡಿರಿ. ಪೂರಾ ಕೆಂಪಾದ ಮಂಜಾಡಿ ಬೀಜವು ಈ ಆಟಕ್ಕೆ ಬಳಸುವಂಥಾದ್ದು. ಕೆಂಪು ಮೈಗೆ ಕಪ್ಪು ಕಣ್ಣುಳ್ಳ ಗುಲಗಂಜಿ ಬೇರೆ. ಅದನ್ನು ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯವಾದ ವಿಷವು ಅದರೊಳಗಿದೆ. ನೋಟಕ್ಕೆ ಅಂದವೆಂದು ಅದನ್ನು ಮಕ್ಕಳ ಕೈಗೆ ಕೊಡಲೇ ಕೂಡದು. ಹುಣಸೆಯ ಬೀಜವನ್ನು ತೊಳೆದು ಒಣಗಿಸಿ ಇಟ್ಟರೆ ಸಾಕಾದದ್ದು. ಆದರೆ ಮೂರು ವರುಷ ತುಂಬದ ಮಗುವು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವದರಿಂದ, ಯಾವ ಸಣ್ಣ ಬೀಜವೂ ಅದಕ್ಕೆ ಬೇಡ. ಗಂಟಲಲ್ಲಿ ಸಿಕ್ಕಿಕೊಂಡರೆ ಉಸಿರು ಕಟ್ಟುವದು. ಕೂಸಿಗೆ ಕರಟ, ಮರದ ಸೌಟು, ಮುಚ್ಚಳವಿರುವ ಖಾಲಿ ಡಬ್ಬಿ ಕೊಡಿರಿ. ಮುಚ್ಚುವದು ತೆರೆಯುವದು ಬಡಿಯುವದು ಅದಕ್ಕೆ ಸಾಕು.

ಜರ್ಮನಿ ದೇಶದ ಫ್ರೋಬೆಲನೆಂಬವನು 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಶಾಲೆ ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ ಎಂದು ಹೆಸರಿಟ್ಟನು. ಅವನು ಮಕ್ಕಳ ಕೈಗೆ ಮೊದಲು ಕೊಟ್ಟದ್ದು ಪುಸ್ತಕವಲ್ಲ. ನೂಲಿನ ಚೆಂಡು, ಅದಾದ ಮೇಲೆ ಮರದ ಗುಂಡು, ಘನ ಮುಂತಾದವು. ಮಗುವು ಆಡುವಾಗ ಕಾಲ ಕಳೆಯುವದಿಲ್ಲ, ಕಲಿಯುತ್ತದೆ ಎಂಬದು ಅವನ ಮಾತಿನ ಸಾರ. ಅವನ ಮರದ ತುಂಡುಗಳನ್ನು ಮಾಡಿಸಲು ನಮಗೆ ಬಡಗಿ ಬೇಕಾದೀತು. ಅವರೆ, ಹುರುಳಿ, ಕಡಲೆಗಳನ್ನು ಒಂದೊಂದು ಹಿಡಿ ಮೊರದಲ್ಲಿ ಬೆರಸಿ, ಐದಾರು ವರುಷದವಳ ಮುಂದಿಟ್ಟು ಬೇರೆ ಬೇರೆ ಮಾಡಲು ಹೇಳುವದಕ್ಕೆ ಯಾರೂ ಬೇಡ.

ಇಲ್ಲಿ ನಾನು ಇನ್ನೊಂದನ್ನು ಕಂಡಿದ್ದೇನೆ. ಮಕ್ಕಳಿಗೆ ಆಟಕ್ಕಿಂತಲೂ ದೊಡ್ಡವರ ಕೆಲಸದಲ್ಲಿ ಪಾಲು ಸಿಕ್ಕುವದೇ ಹೆಚ್ಚು ಸಂತೋಷ. ಹಲಸಿನ ಬೀಜದ ಮೇಲಿನ ಬಿಳೀ ಸಿಪ್ಪೆ ಸುಲಿಯುವದು, ಹಪ್ಪಳದ ಹಿಟ್ಟನ್ನು ಸಣ್ಣ ಉಂಡೆ ಕಟ್ಟುವದು, ಒಣಗಿದ ಬಟ್ಟೆಯನ್ನು ಮುಟ್ಟಿ ನೋಡಿ ಇದು ಒಣಗಿದೆ ಇದು ಹಸಿ ಎಂದು ಹೇಳುವದು, ಇವು ನಾಲ್ಕು ವರುಷದ ಕೈಗೆ ಆಗುವ ಕೆಲಸಗಳೇ. ಉಂಡೆ ಒಂದು ದೊಡ್ಡದು ಒಂದು ಚಿಕ್ಕದು ಆದೀತು. ತಾಯಿಯು ಅದನ್ನು ಮಗುವಿನೆದುರಿಗೆ ತಿದ್ದಿ ಕಟ್ಟದೆ ಹಾಗೆಯೇ ಲಟ್ಟಿಸಲಿ. ಒಲೆಯ ಹತ್ತಿರ ಕೂರುವಾಗ ಮೂರು ಮೊಳ ದೂರದಲ್ಲಿ ಸುಣ್ಣದ ಗೆರೆಯೊಂದನ್ನು ಮಗುವಿನ ಕೈಯಿಂದಲೇ ಎಳೆಸಿರಿ. ತಾನು ಎಳೆದ ಗೆರೆಯನ್ನು ಕಾಯುವದರಲ್ಲಿ ಮಕ್ಕಳು ಪೊಲೀಸರಿಗಿಂತ ಬಿಗಿ. ಅಪ್ಪನೇ ದಾಟಿದರೂ ಬಿಡರು. ಹಾಗೆಂದು ದೊಡ್ಡವರು ಗೆರೆಯನ್ನು ನಂಬಿ ಎದ್ದುಹೋಗಕೂಡದು. ಸೂರಿನ ಕೆಳಗೆ ನೀರು ಹಿಡಿಯಲಿಟ್ಟ ಬಕೇಟು ಕೊಳಗಗಳನ್ನೂ ಮುಚ್ಚಿರಿ. ಗೇಣುದ್ದ ನೀರಿನಲ್ಲಿಯೂ ಕೂಸು ತಲೆಕೆಳಗಾಗಿ ಮುಳುಗೀತು.

ಮಳೆಯಲ್ಲಿ ಮಕ್ಕಳನ್ನು ಹೊರಗೆ ಬಿಡಲೇಬಾರದೋ ಎಂದು ಕೇಳುವಿರಿ. ಬಿಡಿರಿ, ಆದರೆ ಸಂಗಡ ನೀವೂ ಹೋಗಿರಿ. ತಾಯಂದಿರು ತಡೆಯುವದು ಶೀತಕ್ಕೆ ಹೆದರಿ ಮಾತ್ರವಲ್ಲ, ಒಣಗಿದ ಅಂಗಿ ಒಂದೇ ಉಳಿದಿದೆ ಎಂಬದಕ್ಕಾಗಿ. ಆದದರಿಂದ ಹಳೆಯದೊಂದು ಅಂಗಿಯನ್ನು ನೆನೆಯುವದಕ್ಕೆಂದೇ ಗುರುತು ಮಾಡಿ ಇಡಿರಿ. ಅದು ಒಣಗದಿದ್ದರೂ ಚಿಂತೆಯಿಲ್ಲ. ಗುಡುಗು ಮಿಂಚು ಗಾಳಿ ಇಲ್ಲದ ಹೊತ್ತಿನಲ್ಲಿ, ಮರಗಳ ಕೆಳಗಲ್ಲದೆ ತೆರೆದ ಅಂಗಳದಲ್ಲಿ, ಅರ್ಧ ತಾಸು ಸೂರಿನ ನೀರಿಗೆ ದೋಣಿ ಬಿಡಿರಿ. ಬಂದ ಮೇಲೆ ಬೆರಳ ಸಂದಿಯಲ್ಲಿ ಇಂಬಳ ಹತ್ತಿದೆಯೋ ನೋಡಿ, ಬಿಸಿನೀರು ಹಾಕಿ, ತಲೆ ಒರಸಿ, ಸುಟ್ಟ ಹಲಸಿನ ಬೀಜ ಕೊಟ್ಟರೆ ಆ ಮಗು ಸಂಜೆಯ ವರೆಗೆ ಯಾರ ತಂಟೆಗೂ ಬಾರದು. ನನ್ನ ಮಗನನ್ನು ಹಳ್ಳದ ಅಂಚಿಗೆ ಒಯ್ದ ಆಟವೂ ದೋಣಿಯೇ. ಈಗ ಅದಕ್ಕೆ ನೂಲು ಕಟ್ಟುತ್ತೇವೆ. ನೂಲಿನ ತುದಿ ಅವನ ಕೈಯಲ್ಲಿ, ಅವನ ಕೈ ನನ್ನ ಕೈಯಲ್ಲಿ.

ಆರೇಳು ವರುಷದವರಿಗೆ ಮಳೆ ಅಳೆಯುವ ಕೆಲಸ ಕೊಡಿರಿ. ತೋಟದ ದೊಡ್ಡ ಮನೆಗಳಲ್ಲಿ ದಿನದ ಮಳೆಯನ್ನು ಇಂಚು ಸೆಂಟುಗಳಲ್ಲಿ ಬರೆದಿಡುವದನ್ನು ನೀವು ಬಲ್ಲಿರಿ. ನೂರು ಸೆಂಟಿಗೆ ಒಂದು ಇಂಚು. ಅದಕ್ಕೆ ಬೆಲೆಯುಳ್ಳ ಸಾಧನ ಬೇಕಿಲ್ಲ. ಕೆಳಗಿನಿಂದ ಮೇಲಿನ ವರೆಗೆ ಒಂದೇ ಅಗಲವಿರುವ ಡಬ್ಬಿಯನ್ನು ಮರದ ಹನಿ, ಸೂರಿನ ಹನಿ ಬೀಳದ ಕಡೆ ಇಟ್ಟು, ಪ್ರತಿ ಬೆಳಿಗ್ಗೆ ಒಂದೇ ಹೊತ್ತಿಗೆ ಒಳಗೆ ಕಡ್ಡಿ ಇಳಿಸಿ ನೆನೆದಷ್ಟನ್ನು ಅಳೆದು ಚೆಲ್ಲುವದು. ಡಬ್ಬಿ ಚಿಕ್ಕದಾದರೂ ದೊಡ್ಡದಾದರೂ ಆಳ ಒಂದೇ ಬರುವದು. ಯಾಕೆಂದು ಮಕ್ಕಳೇ ಯೋಚಿಸಲಿ. ಗೋಡೆಯ ಮೇಲೆ ಇದ್ದಿಲಿನಿಂದ ದಿನಕ್ಕೊಂದು ಗೆರೆ ಎಳೆಯುತ್ತಾ ಹೋದರೆ, ಹಾಳು ಮಳೆ ಎಂದು ಅಳುತ್ತಿದ್ದವನು ಇನ್ನೂ ಬರಲಿ ಎಂದು ಕಾಯುವನು.

ರಾತ್ರಿಯ ವಿಷಯ ಬೇರೆ. 2019ರ ಆಗಸ್ಟ್ ತಿಂಗಳಲ್ಲಿ ಮೂಡಿಗೆರೆ ತಾಲೂಕಿನ ಮಲೆಮನೆ ಮೊದಲಾದ ಕಡೆಗಳಲ್ಲಿ ಗುಡ್ಡ ಜರಿದು ಮನೆಗಳೂ ತೋಟಗಳೂ ಮಣ್ಣುಪಾಲಾದವು. ಆ ಮಾತನ್ನು ದೊಡ್ಡವರು ಒಲೆಯ ಮುಂದೆ ಆಡುವಾಗ ಕಂಬಳಿಯೊಳಗಿನ ಮಗುವು ಮಲಗಿದಂತೆ ಇದ್ದು ಎಲ್ಲವನ್ನೂ ಕೇಳುವದು. ಅಳುವ ಮಗುವನ್ನು ಸುಮ್ಮನಿರಿಸುವದಕ್ಕೆ “ಗುಡ್ಡ ಬರುತ್ತದೆ ನೋಡು” ಎಂದು ಹೆದರಿಸುವವರನ್ನು ಕಂಡಿದ್ದೇನೆ. ಇದು ಬಹಳ ಕೆಟ್ಟ ರೂಢಿ. ಮಗುವು ಕೇಳಿದರೆ ನಿಜವನ್ನೇ ಹೇಳಿರಿ: ನಾವು ಗುಡ್ಡವನ್ನು ನೋಡುತ್ತಿದ್ದೇವೆ, ನೆಲ ಬಿರಿದರೆ ಇಂಥವರ ಮನೆಗೆ ಹೋಗುವೆವು, ನೀನು ಈ ಚೀಲ ಹಿಡಿದುಕೊಳ್ಳಬೇಕು ಎಂದು. ಆಮೇಲೆ ಒಗಟು ಹಾಕಿರಿ. ನಮ್ಮ ಮಗಳು ಕಟ್ಟಿದ್ದೊಂದು ಹೀಗಿದೆ: ಊರೆಲ್ಲಾ ತೊಯ್ದರೂ ಅಜ್ಜಿಯ ಮಡಿಲು ತೊಯ್ಯದು. ಉತ್ತರ, ಒಲೆ. ತಮ್ಮನು ಗೊರಬು ಎಂದು ಹೇಳಿ, ಅದೂ ಸರಿಯೇ ಎಂದು ಹಟ ಹಿಡಿದು, ಆ ವಾದವು ಇಬ್ಬರೂ ನಿದ್ದೆ ಹೋಗುವ ವರೆಗೆ ನಡೆಯಿತು.

ಈ ಲೇಖನವು ಕೈಗೆ ಬರುವಾಗ ಮಳೆ ಇನ್ನೂ ಹಿಡಿಯದಿದ್ದರೆ, ಅಡಿಕೆಯ ಹಾಳೆ ಐದಾರನ್ನು ಈಗಲೇ ಅಟ್ಟಕ್ಕೆ ಹಾಕಿಡಿರಿ. ಹುಣಸೆಯ ಬೀಜಗಳನ್ನು ಬಿಸಾಡದೆ ಎಣಿಸಿ ಡಬ್ಬಿಯಲ್ಲಿ ತುಂಬಿರಿ. 56 ಬೇಕು, ಕಳೆದುಹೋಗುವದಕ್ಕೆ ಇನ್ನೊಂದು ಹತ್ತು ಇರಲಿ. ಆರಿದ್ರೆ ಹಿಡಿದ ಮೇಲೆ ಹುಡುಕಿದರೆ ಹಾಳೆ ಸಿಕ್ಕೀತು, ಒಣಗಿದ ಹಾಳೆ ಸಿಕ್ಕದು.